ತಂಬೂರಿ ತಂತಿ ಅಡ್ಡ ಅಲ್ಲಾಡತೈತಿ, ಧ್ವನಿ ಯಾಕ ಉದ್ದಕ್ಕ ಓಡತೈತಿ?

ಗದಗಿನಿಂದ ಒಬ್ಬ ತಾಯಿ ಕೇಳ್ಯಾರ: "ಸರ, ನನ್ನ ಮಗಳು ಫಸ್ಟ್ ಪಿಯು ಸೈನ್ಸ್. ಸಂಜಿಮುಂದ ಗಾಯನ ಕಲಿಯಾಕ ಹೋಗತಾಳ, ಮನ್ಯಾಗ ತಂಬೂರಿ ಐತಿ. ಫಿಸಿಕ್ಸ್ ಬುಕ್ಕಿನಾಗ ತಂತಿ ಒಳಗಿಂದು ಟ್ರಾನ್ಸ್‌ವರ್ಸ್ ಅಲಿ, ಗಾಳಿ ಒಳಗಿಂದು ಲಾಂಜಿಟ್ಯೂಡಿನಲ್ ಅಲಿ ಅಂತ ಬರದಾರ. ತಂಬೂರಿ ಒಂದ, ಸ್ವರ ಒಂದ, ಮತ್ತ ನಡುವ ಎಲ್ಲಿ ಬದಲಾತು ಅಂತ ಆಕಿ ಪ್ರಶ್ನಿ. ಕಾಲೇಜಿನಾಗ ಕೇಳಿದ್ರ ಡೆಫಿನಿಷನ್ ಬಾಯಿಪಾಠ ಮಾಡು, ಎರಡು ಮಾರ್ಕ್ಸಿಂದು ಅದು, ಅಂದ್ರಂತ. ನನಗೂ ಹೇಳಾಕ ಬರಲಿಲ್ಲ."

ಅಕ್ಕಾರ, ನಿಮ್ಮ ಮಗಳು ಕೇಳಿದ್ದು ಎರಡು ಮಾರ್ಕ್ಸಿನ ಪ್ರಶ್ನಿ ಅಲ್ಲರಿ. ನಾನು ಧಾರವಾಡದಾಗ ವರ್ಷಾನುಗಟ್ಲೆ ಇದ ಪಾಠ ಮಾಡೇನಿ, ಡೆಫಿನಿಷನ್ ಬರದು ಫುಲ್ ಮಾರ್ಕ್ಸ್ ತಗೊಂಡ ಹುಡುಗೂರು ಭಾಳ ಮಂದಿ, ಆದ್ರ ಎಲ್ಲಿ ಬದಲಾತು ಅಂತ ಕೇಳಿದವರು ಕೈಬೆರಳೆಣಿಕಿ ಅಷ್ಟ. ಅದಕ್ಕ ಸ್ವಲ್ಪ ಉದ್ದ ಬರಿತೀನಿ, ಆಕಿ ಮುಂದ ಕುಂತು ಇಬ್ರೂ ಓದ್ರಿ.

ಮೊದಲ ಡೆಫಿನಿಷನ್ ಮುಗಿಸಿಬಿಡೋಣು. ಅಲಿ ಅಂದ್ರ ವಸ್ತು ಓಡೂದಲ್ಲ, ಅಲುಗಾಟ ಓಡೂದು, ವಸ್ತು ತನ್ನ ಜಾಗಾದಾಗ ಹೋಗಿ ಬಂದು ಮಾಡಿಕೊಂಡ ಇರತೈತಿ. ಆ ಹೋಗಿ ಬಂದು ಅಲಿ ಓಡೋ ದಾರಿಗೆ ಅಡ್ಡ ಇದ್ರ ಟ್ರಾನ್ಸ್‌ವರ್ಸ್, ಕನ್ನಡ ಪುಸ್ತಕದಾಗ ಅಡ್ಡ ತರಂಗ. ಅದ ದಾರಿಗುಂಟ ಹಿಂದ ಮುಂದ ಇದ್ರ ಲಾಂಜಿಟ್ಯೂಡಿನಲ್, ಅಂದ್ರ ನೀಳ ತರಂಗ. ಅಡ್ಡ ಅಂದ ಕೂಡಲೆ "ಮ್ಯಾಲ ಕೆಳಗ" ಅಂತ ಭಾಳ ಹುಡುಗೂರು ಬರಿತಾರ, ಅದು ತಪ್ಪು. ಬಾವಿ ಹಗ್ಗಾನ ಒಂದು ತುದಿ ಕಿಟಕಿಗೆ ಕಟ್ಟಿ ಇನ್ನೊಂದು ತುದಿ ಹಿಡದು ಎಡಕ್ಕ ಬಲಕ್ಕ ಝಾಡಿಸಿದ್ರೂ ಅದು ಟ್ರಾನ್ಸ್‌ವರ್ಸ್, ಓರಿ ಝಾಡಿಸಿದ್ರೂ ಟ್ರಾನ್ಸ್‌ವರ್ಸ್, ದಾರಿಗೆ ಅಡ್ಡ ಇದ್ರ ಆತು. ಈ ಮಾತು ನೆನಪಿರಲಿ, ಬೆಳಕಿನ ಹಂತಕ್ಕ ಬಂದಾಗ ಬೇಕಾಗತೈತಿ.

ಈಗ ನಿಜವಾದ ಪ್ರಶ್ನಿ. ಅಲಿ ಮುಂದಕ್ಕ ಹೋಗಬೇಕಂದ್ರ ಏನು ಬೇಕು? ಒಂದು ಕಣ ಜಾಗಾ ಬಿಟ್ಟು ಸರದ್ರ ಅದನ್ನ ಹೊಳ್ಳಿ ಜಾಗಕ್ಕ ಎಳಿಯೋದು ಒಂದು ಇರಬೇಕು, ಮತ್ತ ಆ ಕಣ ತನ್ನ ಪಕ್ಕದಾಂವನ್ನೂ ಜಗ್ಗಬೇಕು ಇಲ್ಲಾ ನೂಕಬೇಕು. ಇಷ್ಟ. ಶಿವರಾತ್ರಿ ಜಾತ್ರ್ಯಾಗ ಸಿದ್ಧಾರೂಢ ಮಠದಾಗ ಪಾಳೆ ಹಚ್ಚಿದವರಿಗೆ ಗೊತ್ತಿರತೈತಿ, ಹಿಂದ ಯಾರೋ ಒಬ್ಬರು ನೂಕಿದ್ರ ಆ ನೂಕು ಒಬ್ಬರಿಂದ ಒಬ್ಬರಿಗೆ ದಾಟಿ ಮುಂದಿನ ಮಂದಿ ತನಕ ಬರತೈತಿ. ನೂಕಿದಾಂವ ಹಿಂದ ಇದ್ದಲ್ಲೇ ಇರತಾನ, ಮುಂದ ಬಂದದ್ದು ನೂಕು ಅಷ್ಟ. ಜೊತಿಗೆ ಇನ್ನೊಂದು ನೋಡ್ರಿ, ಅದ ಪಾಳ್ಯಾಗ ಒಬ್ಬಾಂವ ಪಟಕ್ಕನ ಪಕ್ಕಕ್ಕ ಸರದ್ರ ಏನಾಕ್ಕೈತಿ? ಏನೂ ಆಗೂದಿಲ್ಲ, ಮುಂದಿನಾಂವಗ ಗೊತ್ತೂ ಆಗೂದಿಲ್ಲ, ಯಾಕಂದ್ರ ಯಾರೂ ಯಾರ ಕೈನೂ ಹಿಡದಿಲ್ಲ. ಎಲ್ಲಾರೂ ಒಬ್ಬರದೊಬ್ಬರು ಕೈ ಗಟ್ಟಿ ಹಿಡ್ಕೊಂಡು ನಿಂತಿದ್ರ ಒಬ್ಬಾಂವ ಪಕ್ಕಕ್ಕ ಸರದಾಗ ಮುಂದಿನಾಂವನೂ ಜಗ್ಗಿಸಿಕೊಂತಿದ್ದ, ಆಂವ ಆಂವನ ಮುಂದಿನಾಂವನ್ನ.

ಕೈ ಹಿಡಿಯದ ಪಾಳೆ ಅಂದ್ರ ಗಾಳಿ ಮತ್ತ ನೀರು, ಕೈ ಹಿಡದ ಪಾಳೆ ಅಂದ್ರ ಕಬ್ಬಿಣ, ಕಲ್ಲು, ಕಟ್ಟಿಗಿ. ಗಾಳಿನ ಒಂದು ಪದರನ್ನ ಪಕ್ಕಕ್ಕ ಸರಿಸಿದ್ರ ಅದು ಸರದಲ್ಲೇ ಇರತೈತಿ, ಹೊಳ್ಳಿ ಬರೋ ಹಟ ಅದಕ್ಕಿಲ್ಲ. ಆದ್ರ ಅದನ್ನ ಒತ್ತಿ ಸಣ್ಣದು ಮಾಡಾಕ ಹೋದ್ರ ಅದು ತಿರುಗಿ ಒತ್ತತೈತಿ, ಸೈಕಲ್ ಪಂಪಿನ ಬಾಯಿಗೆ ಬೆರಳು ಹಚ್ಚಿ ಒತ್ತಿದವರಿಗೆ ಆ ಜೋರು ಗೊತ್ತು. ಅದಕ್ಕ ಗಾಳಿ ಒಳಗ ಧ್ವನಿಗೆ ಲಾಂಜಿಟ್ಯೂಡಿನಲ್ ಒಂದ ದಾರಿ. ಒತ್ತಿದ ಜಾಗ ಸಂಪೀಡನ, ಸಡ್ಲಾದ ಜಾಗ ವಿರಳನ, ಒಂದರ ಹಿಂದ ಒಂದು ಓಡತಾವ. ಘನವಸ್ತುಕ್ಕ ಎರಡೂ ಹಟ ಅದಾವ, ಒತ್ತಿದ್ರೂ ತಿರುಗಿ ಬರತೈತಿ, ಪಕ್ಕಕ್ಕ ಸರಿಸಿದ್ರೂ ತಿರುಗಿ ಬರತೈತಿ, ಅಲ್ಲಿ ಎರಡೂ ಥರದ ಅಲಿ ಓಡತಾವ. ಯಾವ ಅಲಿ ಓಡಬಹುದು ಅನ್ನೂದನ್ನ ಧ್ವನಿ ಹುಟ್ಟಿಸಿದಾಂವ ಹೇಳೂದಿಲ್ಲರಿ ಅಕ್ಕಾರ, ಯಾವುದರೊಳಗ ಓಡತೈತೋ ಅದು ಹೇಳತೈತಿ. ನನ್ನ ಪ್ರಕಾರ ಈ ಪಾಠದ ಜೀವ ಇಲ್ಲೇ ಐತಿ, ಬುಕ್ಕಿನಾಗ ಇದನ್ನ ಒಂದ ಲೈನಿನಾಗ ದಾಟಿಸಿಬಿಟ್ಟಿರತಾರ.

ಹಂಗಾರ ತಂಬೂರಿಗೆ ಬರೋಣು. ಮಗಳು ಬೆರಳಿಂದ ತಂತಿ ಮೀಟಿದಳು, ತಂತಿ ತನ್ನ ಉದ್ದಕ್ಕ ಅಡ್ಡವಾಗಿ ಅಲ್ಲಾಡಿತು, ಬಿಗಿ ಇದ್ದದ್ದಕ್ಕ ಹೊಳ್ಳಿ ಬಂತು, ಟ್ರಾನ್ಸ್‌ವರ್ಸ್ ಅಲಿ ಆ ತುದಿಗೆ ಈ ತುದಿಗೆ ಓಡಾಡಿತು. ಆದ್ರ ಆ ತೆಳ್ಳಗಿನ ತಂತಿ ನೇರ ಗಾಳಿನ ನೂಕೂದು ಭಾಳ ಕಮ್ಮಿ, ಗಾಳಿ ಅದರ ಸುತ್ತ ಜಾರಿ ಹಿಂದಕ್ಕ ಹೋಗಿಬಿಡತೈತಿ. ಕೆಲಸ ಮಾಡೂದು ಘೋಡಿ, ಅಂದ್ರ ಬ್ರಿಡ್ಜ್. ತಂತಿ ಘೋಡಿನ ಅಲುಗಿಸತೈತಿ, ಘೋಡಿ ಕೆಳಗಿನ ತಬಲಿನ ಅಲುಗಿಸತೈತಿ, ಕುಂಬಳದ ಮ್ಯಾಲ ಕುಂದ್ರಿಸಿದ ಆ ಕಟ್ಟಿಗಿ ಹಲಗಿ ಹೊರಗ ಉಬ್ಬಿ ಒಳಗ ತಗ್ಗಿ ಅಲ್ಲಾಡತೈತಿ. ಹಲಗಿ ಅಗಲ ಐತಿ, ಗಾಳಿಗೆ ಜಾರಾಕ ಜಾಗ ಇಲ್ಲ. ಹಲಗಿ ಹೊರಗ ಬಂದಾಗ ಎದುರಿನ ಗಾಳಿ ಒತ್ತಿಸಿಕೊಳ್ಳತೈತಿ, ಒಳಗ ಹೋದಾಗ ಸಡ್ಲಾಗತೈತಿ.

ಇಲ್ಲೇ ಮಗಳ ಪ್ರಶ್ನಿಗೆ ಉತ್ತರ ಐತಿ, ನಿಧಾನ ನೋಡ್ರಿ. ಹಲಗಿ ಅಲ್ಲಾಡಿದ ದಿಕ್ಕು ಹಲಗಿಗೆ ಅಡ್ಡ, ಯಾಕಂದ್ರ ಹಲಗಿ ಒಳಗ ಅಲಿ ಹಲಗಿಗುಂಟ ಓಡತೈತಿ. ಅದ ದಿಕ್ಕು ಎದುರಿನ ಗಾಳಿಗೆ ಮುಂದಿನ ದಾರಿ. ದಿಕ್ಕು ಎಲ್ಲಿಯೂ ಹೊಳ್ಳಿಲ್ಲ, ಹೊಳ್ಳಿದ್ದು ಅಲಿ ಓಡೋ ದಾರಿ. ತಂತಿಗೆ ಹಲಗಿಗೆ ಯಾವುದು "ಅಡ್ಡ" ಇತ್ತೋ ಅದ ಗಾಳಿಗೆ "ಉದ್ದ" ಆತು. ಅಡ್ಡ, ಉದ್ದ ಅನ್ನೂದು ಅಲುಗಾಟಕ್ಕ ಅಂಟಿದ ಗುಣ ಅಲ್ಲ, ಅಲುಗಾಟಕ್ಕೂ ದಾರಿಗೂ ಇರೋ ಸಂಬಂಧ.

ಬದಲಾಗದ್ದೂ ಒಂದು ಐತಿ, ಗಾಯನ ಕಲಿಯೋ ಹುಡುಗಿಗೆ ಅದು ಮುಖ್ಯ. ಫ್ರೀಕ್ವೆನ್ಸಿ. ಲೆಕ್ಕಕ್ಕ ಹೇಳತೀನಿ, ತಂತಿ 1 ಮೀಟರ್ ಉದ್ದ ಇದ್ದು ಸೆಕೆಂಡಿಗೆ 140 ಸಲ ಅಲ್ಲಾಡತೈತಿ ಅಂತ ಇಟ್ಕೊಳ್ರಿ. ತಂತಿಗೆ ಎರಡೂ ತುದಿ ಬಿಗದಿದ್ದಕ್ಕ ಅದರ ಮ್ಯಾಲ ಅರ್ಧ ಅಲಿ ಅಷ್ಟ ಕುಂದರತೈತಿ, ಅದಕ್ಕ ಪೂರಾ ಅಲಿ ಉದ್ದ (ವೇವ್‌ಲೆಂತ್) 2 ಮೀಟರ್, ಹಂಗಾಗಿ ವೇಗ ಸೆಕೆಂಡಿಗೆ 280 ಮೀಟರ್. ಗಾಳಿಗೆ ಬಂದ ಮ್ಯಾಲ ವೇಗ 343 ಮೀಟರ್ (20 ಡಿಗ್ರಿ ಸೆಲ್ಸಿಯಸ್‌ನಾಗ), ಅಲಿ ಉದ್ದ 2.45 ಮೀಟರ್. ವೇಗ ಬದಲು, ಅಲಿ ಉದ್ದ ಬದಲು, ಅಡ್ಡ ಹೋಗಿ ಉದ್ದ ಆತು, ಆದ್ರ 140 ಮಾತ್ರ 140ನ. ಅದಕ್ಕ ತಂಬೂರಿ ಸಾ ನಿಮ್ಮ ಕಿವಿಗೂ ಸಾ ಆಗೇ ಬರತೈತಿ. ಹಂಗ ತಂಬೂರಿ ಘೋಡಿ ಯಾಕ ಚೂಪಿಲ್ಲ, ಯಾಕ ಉಬ್ಬಿ ಅಗಲ ಐತಿ ಅನ್ನೂದರ ಮ್ಯಾಲ ಸಿ.ವಿ. ರಾಮನ್ನರು 1921ರಾಗನ ಬರದಾರ, ಜವಾರಿ, ಅಂದ್ರ ಝೇಂಕಾರ, ತುಂಬಿಕೊಂಡ ನಾದ ಆ ಉಬ್ಬಿನ ಮ್ಯಾಲ ತಂತಿ ಸವರೂದರಿಂದ ಬರತೈತಿ. ಅದು ಬ್ಯಾರೆ ಕಥಿ, ಆದ್ರ ಪುಟ್ಟರಾಜ ಗವಾಯಿಗಳ ಊರಿನ ಹುಡುಗಿ ಅದನ್ನೂ ಒಂದು ದಿನ ಓದಲಿ ಅಂತ ನನ್ನ ಆಸೆ.

ಬುಕ್ಕಿನ ಚಿತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು, ಅರ್ಧ ಗೊಂದಲ ಅಲ್ಲಿಂದ ಬರತೈತಿ. ಧ್ವನಿ ಅಲಿ ಅಂತ ಬರದು ಕೆಳಗ ಹಾವಿನ ಹಂಗ ಏರಿ ಇಳಿಯೋ ಗೆರಿ ಕೊರದಿರತಾರ. ಹುಡುಗೂರು ಅದನ್ನ ನೋಡಿ, ಅಲ್ಲಾ ಇದು ಟ್ರಾನ್ಸ್‌ವರ್ಸ್ ಹಂಗ ಕಾಣತೈತೆಲ್ಲ ಅಂತಾರ. ಆ ಗೆರಿ ಗಾಳಿಯ ಚಿತ್ರ ಅಲ್ಲ, ಅದು ಗ್ರಾಫ್. ಗೆರಿ ಮ್ಯಾಲ ಇದ್ದಲ್ಲಿ ಒತ್ತಡ ಜಾಸ್ತಿ, ಕೆಳಗ ಇದ್ದಲ್ಲಿ ಕಮ್ಮಿ ಅಂತ ಅರ್ಥ. ಮತ್ತ ಆ ಏರಿಳಿತ ಎಷ್ಟು ಸಣ್ಣದು ಅಂದ್ರ, ನಮ್ಮ ಸುತ್ತಿನ ಗಾಳಿ ಒತ್ತಡ ಸುಮಾರು 1 ಲಕ್ಷ ಪಾಸ್ಕಲ್, ನಾವು ಎದುರಾಬದುರು ಕುಂತು ಮಾತಾಡುವಾಗ ಅದರಾಗ ಆಗೋ ಹೆಚ್ಚು ಕಮ್ಮಿ 0.02 ಪಾಸ್ಕಲ್ ಆಸುಪಾಸು. 50 ಲಕ್ಷದಾಗ ಒಂದು ಭಾಗ. ಅಷ್ಟ ಸಣ್ಣ ಒತ್ತಿಗೆ ನಮ್ಮ ಕಿವಿ ಮಾತು ತಿಳಕೊಳ್ಳತೈತಿ, ಪ್ರತಿ ಸಲ ಪಾಠ ಮಾಡುವಾಗ ನನಗ ಇದು ಹೊಸದ ಅನಸತಿತ್ತು.

ಲಾಂಜಿಟ್ಯೂಡಿನಲ್ ಅಲಿ ಕಣ್ಣಿಲೆ ನೋಡಬೇಕಂದ್ರ ಹುಬ್ಬಳ್ಳಿ ಸ್ಟೇಷನ್ನಿಗೆ ಬಂದಾಗ ಗೂಡ್ಸ್ ಗಾಡಿ ನೋಡ್ರಿ. ನಿಂತ ಗಾಡಿಗೆ ಎಂಜಿನ್ ಬಂದು ಹಿಂದಕ್ಕ ಒತ್ತಿದ ಕೂಡಲೆ ಮೊದಲ ಡಬ್ಬಿ ಸರದು ಎರಡನೇದಕ್ಕ ಗುದ್ದತೈತಿ, ಎರಡನೇದು ಮೂರನೇದಕ್ಕ, ಧಡ ಧಡ ಧಡ ಅಂತ ಆ ಸಪ್ಪಳ ಕಡೀ ಡಬ್ಬಿ ತನಕ ಓಡತೈತಿ. ಒಂದೊಂದು ಡಬ್ಬಿ ಸರದದ್ದು ಗೇಣು ಇರಬಹುದು, ಗುದ್ದು ಓಡಿದ್ದು ಇಡೀ ಗಾಡಿ ಉದ್ದ.

ಅದ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಾಗ ಎಲ್ಲಾಕ್ಕಿಂತ ಉದ್ದಂದು ಅಂತ ಗಿನ್ನೆಸ್ ದಾಖಲೆ ಐತಿ. ಅದರ ಮ್ಯಾಲ ಒಂದು ಲೆಕ್ಕ ಹಾಕಸ್ರಿ ಮಗಳ ಕಡಿಂದ. ಒಂದು ತುದ್ಯಾಗ ಸೀಟಿ ಹೊಡದ್ರ ಇನ್ನೊಂದು ತುದಿಗೆ ಗಾಳಿ ಒಳಗ ಬರಾಕ 4 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಷ್ಟ ಉದ್ದದ ಗಟ್ಟಿ ಉಕ್ಕು ಇದ್ದು ಅದಕ್ಕ ಸುತಗಿಲೆ ಹೊಡದ್ರ? ಉಕ್ಕಿನೊಳಗ ಲಾಂಜಿಟ್ಯೂಡಿನಲ್ ಅಲಿ ಸೆಕೆಂಡಿಗೆ ಸುಮಾರು 5900 ಮೀಟರ್, ಟ್ರಾನ್ಸ್‌ವರ್ಸ್ ಸುಮಾರು 3200 ಮೀಟರ್. ಮೊದಲನೇದು ಕಾಲು ಸೆಕೆಂಡಿನಾಗ, ಎರಡನೇದು ಅರ್ಧ ಸೆಕೆಂಡಿನಾಗ. ಒಂದ ಹೊಡತ, ಎರಡು ಸಲ ಬಂತು. ಇದು ಕಾಗದದ ಮ್ಯಾಲ ಮಾಡೋ ಲೆಕ್ಕ, ಯಾರೂ ಹಳಿಗೆ ಕಿವಿ ಹಚ್ಚಾಕ ಹೋಗಬ್ಯಾಡ್ರಿ, ನಾವು ಸಣ್ಣವರಿದ್ದಾಗ ಹಂಗ ಮಾಡತಿದ್ವಿ, ಅದು ಜೀವಕ್ಕ ಅಪಾಯ.

ಹಳಿ ಮಾತು ಬಂತಂದ ಮ್ಯಾಲ ಇದನ್ನ ಬಿಡಾಕ ಆಗೂದಿಲ್ಲ. ಹಳಿ ಮ್ಯಾಲ ಸಣ್ಣ ಟ್ರಾಲಿ ನೂಕ್ಕೊಂತ, ನೀರು ಹನಿಸ್ಕೊಂತ, ಸ್ಕ್ರೀನ್ ನೋಡ್ಕೊಂತ ನಡಿಯೋ ರೈಲ್ವೆ ಮಂದಿನ ನೀವು ನೋಡಿರಬಹುದು. ಅದು ಅಲ್ಟ್ರಾಸಾನಿಕ್ ಟೆಸ್ಟಿಂಗ್, ಹಳಿ ಒಳಗ ಕಣ್ಣಿಗೆ ಕಾಣದ ಬಿರುಕು ಹುಡುಕೂದು. ಆ ಟ್ರಾಲ್ಯಾಗ ನೇರ ಕೆಳಗ ನೋಡೋ ಪ್ರೋಬ್ ಲಾಂಜಿಟ್ಯೂಡಿನಲ್ ಅಲಿ ಕಳಸತೈತಿ, 70 ಡಿಗ್ರಿ ಓರಿ ನೋಡೋ ಪ್ರೋಬ್ ಟ್ರಾನ್ಸ್‌ವರ್ಸ್ ಅಲಿ ಕಳಸತೈತಿ. ಸ್ವಾರಸ್ಯ ಏನಂದ್ರ, ಆ ಓರಿ ಪ್ರೋಬಿನ ಪ್ಲಾಸ್ಟಿಕ್ ತುಂಡಿನೊಳಗ ಹುಟ್ಟಿದ್ದು ಲಾಂಜಿಟ್ಯೂಡಿನಲ್ ಅಲಿನ, ನೀರಿನ ಪದರ ದಾಟೂದೂ ಹಂಗನ, ಓರಿ ಹೋಗಿ ಉಕ್ಕಿಗೆ ಬಡದಾಗ ಉಕ್ಕಿನೊಳಗ ಟ್ರಾನ್ಸ್‌ವರ್ಸ್ ಆಗಿ ಮುಂದ ಹೋಗತೈತಿ. ಅಂದ್ರ ನಿಮ್ಮ ಮಗಳ ಪ್ರಶ್ನಿ ತಿರುವುಮುರುವು! ತಂಬೂರಿಯಾಗ ಅಡ್ಡ ಇದ್ದದ್ದು ಉದ್ದ ಆತು, ಇಲ್ಲಿ ಉದ್ದ ಇದ್ದದ್ದು ಅಡ್ಡ ಆತು. ಗಡಿ ದಾಟುವಾಗ ಅಲಿ ಹಿಂಗ ಬದಲಾಗೂದರ ಮ್ಯಾಲ ದಿನಾ ಲಕ್ಷಾಂತರ ಮಂದಿ ಸುರಕ್ಷತಾ ನಿಂತೈತಿ. "ಧ್ವನಿ ಯಾವಾಗಲೂ ಲಾಂಜಿಟ್ಯೂಡಿನಲ್" ಅಂತ ಬರಿಯೋ ಹುಡುಗೂರಿಗೆ ಇದನ್ನ ತೋರಸಬೇಕು. ಗಾಳಿ ಒಳಗ, ನೀರಿನ ಒಳಗ ಹೌದು. ಘನದೊಳಗ ಅಲ್ಲ.

ಭೂಕಂಪದಾಗೂ ಇದ ಆಟ. ಮೊದಲ ಬರೂದು ಪಿ ಅಲಿ, ಲಾಂಜಿಟ್ಯೂಡಿನಲ್, ನೆಲದ ಮ್ಯಾಲ್ಪದರದಾಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಹಿಂದ ಬರೂದು ಎಸ್ ಅಲಿ, ಟ್ರಾನ್ಸ್‌ವರ್ಸ್, ಸುಮಾರು ಮೂರೂವರಿ ಕಿಲೋಮೀಟರ್. ಮಹಾರಾಷ್ಟ್ರದ ಕೊಯ್ನಾ ಭೂಕಂಪ ಆದದ್ದು 1967ರ ಡಿಸೆಂಬರ್ 11ಕ್ಕ, ಕೊಯ್ನಾದಿಂದ ನಿಮ್ಮ ಗದಗಿಗೆ ನೇರ ಗೆರಿ ಎಳದ್ರ ಸುಮಾರು 300 ಕಿಲೋಮೀಟರ್. ಪಿ ಅಲಿಗೆ 50 ಸೆಕೆಂಡ್, ಎಸ್ ಅಲಿಗೆ 86 ಸೆಕೆಂಡ್ ಆಸುಪಾಸು. ಆ 36 ಸೆಕೆಂಡಿನ ಅಂತರಾ ನೋಡೇ ಭೂಕಂಪ ಎಷ್ಟು ದೂರ ಆತು ಅಂತ ಲೆಕ್ಕ ಹಾಕತಾರ. ಈ ಎರಡೂ ಅಲಿನ ಬ್ಯಾರೆ ಬ್ಯಾರೆ ಅಂತ ರೆಕಾರ್ಡಿನಾಗ ಗುರುತಿಸಿದ್ದು ನಮ್ಮ ದೇಶದ ಭೂಕಂಪದ ಮ್ಯಾಲ ಕೆಲಸ ಮಾಡಿದವರು, ರಿಚರ್ಡ್ ಓಲ್ಡಮ್ ಅಂತ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, 1897ರ ಅಸ್ಸಾಂ ಭೂಕಂಪದ ಅಭ್ಯಾಸದಾಗ. ಮುಂದ ಭೂಮಿ ನಡುಗರ್ಭ ದಾಟಿ ಆ ಕಡೆ ಎಸ್ ಅಲಿ ಬರೂದ ಇಲ್ಲ ಅಂತ ಗೊತ್ತಾತು. 2900 ಕಿಲೋಮೀಟರ್ ಆಳದಾಗ ಶುರುವಾಗೋ ಹೊರ ಗರ್ಭ ದ್ರವ ಐತಿ ಅಂತ ಇಂಗ್ಲೆಂಡಿನ ವಿಜ್ಞಾನಿ ಹೆರಾಲ್ಡ್ ಜೆಫ್ರೀಸ್ 1926ರಾಗ ವಾದ ಮಂಡಿಸಿದ್ರು. ಯಾಕ? ಕೈ ಹಿಡಿಯದ ಪಾಳಿ ನೆನಸ್ಕೊಳ್ರಿ, ದ್ರವದಾಗ ಅಡ್ಡ ಅಲಿ ಓಡೂದಿಲ್ಲ. ಯಾರೂ ಹೋಗಿ ನೋಡದ ಜಾಗಾದಾಗ ದ್ರವ ಐತಿ ಅನ್ನೂದಕ್ಕ ಒಂದು ದೊಡ್ಡ ಸಾಕ್ಷಿ ಬಾರದ ಅಲಿ.

ಬೆಳಕು ಮಾತ್ರ ಬ್ಯಾರೆ ಜಾತಿ. ಅಲ್ಲಿ ಅಲ್ಲಾಡೂದು ವಸ್ತು ಅಲ್ಲ, ವಿದ್ಯುತ್ ಕ್ಷೇತ್ರ ಮತ್ತ ಕಾಂತ ಕ್ಷೇತ್ರ, ಅದಕ್ಕ ಮಾಧ್ಯಮನ ಬೇಕಾಗಿಲ್ಲ. ಎರಡೂ ಕ್ಷೇತ್ರ ದಾರಿಗೆ ಅಡ್ಡ, ಅದಕ್ಕ ಟ್ರಾನ್ಸ್‌ವರ್ಸ್. ಇದನ್ನ ಹೆಂಗ ಹಿಡದ್ರು? ಮೊದಲ ಹೇಳಿದ ಹಗ್ಗ ನೆನಪಿರಬೇಕಲ್ಲ. ಕಿಟಕಿಯ ಉದ್ದುದ್ದ ಸರಳಿನ ನಡುವ ಹಗ್ಗ ತೂರಿಸಿ ಆ ಕಡೆ ಕಟ್ಟಿ, ಮ್ಯಾಲ ಕೆಳಗ ಝಾಡಸ್ರಿ, ಅಲಿ ಸರಳು ದಾಟಿ ಹೋಗತೈತಿ. ಎಡಕ್ಕ ಬಲಕ್ಕ ಝಾಡಸ್ರಿ, ಸರಳಿಗೆ ಬಡದು ಅಲ್ಲೇ ನಿಲ್ಲತೈತಿ. ಅಡ್ಡ ಅಲಿಗೆ "ಯಾವ ಅಡ್ಡ" ಅನ್ನೋ ಪ್ರಶ್ನಿ ಇರತೈತಿ, ಉದ್ದ ಅಲಿಗೆ ಅದು ಇರೂದ ಇಲ್ಲ, ಯಾಕಂದ್ರ ಉದ್ದ ಅನ್ನೂದು ಒಂದ ಐತಿ. ಇದಕ್ಕ ಪೋಲರೈಸೇಷನ್ ಅಂತಾರ. ಪೋಲರಾಯ್ಡ್ ಚಸ್ಮಾ ಯಾರರೆ ಹಂತೇಲಿ ಇದ್ರ ಇಸ್ಕೊಂಡು ಅದರಾಗಿಂದ ಕ್ಯಾಲ್ಕುಲೇಟರ್ ಸ್ಕ್ರೀನ್ ನೋಡ್ರಿ, ಕ್ಯಾಲ್ಕುಲೇಟರ್ ನಿಧಾನ ತಿರುವಿದ್ರ ಒಂದು ಕಡೆ ಸ್ಕ್ರೀನ್ ಪೂರಾ ಕಪ್ಪಾಗತೈತಿ. ಬೆಳಕೂ ಧ್ವನಿ ಹಂಗ ಉದ್ದುದ್ದ ಓಡೋ ಅಲಿನ ಅಂತ ಮೊದಲ ನಂಬಿದ್ರು, ಈ ಪೋಲರೈಸೇಷನ್ ಬಿಡಿಸಾಕ ಹೋಗಿನ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1821ರ ಸುಮಾರಿಗೆ ಬೆಳಕು ಅಡ್ಡ ಅಲಿ ಅಂತ ಗಟ್ಟಿ ಮಾಡಿದ್ರು.

ನೀರಿನ ಅಲಿ ಪರೀಕ್ಷಾದಾಗ ಟ್ರಾನ್ಸ್‌ವರ್ಸ್ ಅಂತ ಬರಿಸ್ತಾರ, ನನಗ ಅದು ಸರಿ ಅನಸೂದಿಲ್ಲ. ಉಣಕಲ್ ಕೆರಿ ದಂಡಿಗೆ ಕುಂತು ತೇಲೋ ಎಲಿ ನೋಡ್ರಿ, ಅದು ಬರೇ ಮ್ಯಾಲ ಕೆಳಗ ಆಗೂದಿಲ್ಲ, ಅಲಿ ಬಂದಾಗ ಸ್ವಲ್ಪ ಮುಂದ, ಹೋದಾಗ ಸ್ವಲ್ಪ ಹಿಂದ, ಒಟ್ಟು ಸಣ್ಣ ವರ್ತುಲ ಸುತ್ತತೈತಿ. ಅಡ್ಡನೂ ಐತಿ, ಉದ್ದನೂ ಐತಿ. ನೀರಿನೊಳಗ ಅಡ್ಡ ಅಲಿ ಓಡೂದಿಲ್ಲ ಅಂದ್ರಿ, ಮ್ಯಾಲ ಹೆಂಗ ಓಡಿತು ಅಂತ ಮಗಳು ಕೇಳಿದ್ರ, ಅಲ್ಲಿ ಹೊಳ್ಳಿ ಎಳಿಯೂದು ಭೂಮಿ ಜಗ್ಗು ಮತ್ತ ಮೇಲ್ಮೈ ಸೆಳೆತ, ಅದಕ್ಕ ಆ ಅಲಿ ಮೇಲ್ಮೈಗಷ್ಟ ಇರತೈತಿ, ಅಲಿ ಉದ್ದದ ಅರ್ಧದಷ್ಟು ಆಳಕ್ಕ ಹೋದ್ರ ವರ್ತುಲ ಬಹುತೇಕ ಮಾಯ. ಪರೀಕ್ಷಾದಾಗ ಬುಕ್ಕಿನ ಉತ್ತರನ ಬರಿಲಿ, ಮಾರ್ಕ್ಸ್ ಕಳಕೊಳ್ಳೂದು ಬ್ಯಾಡ, ಆದ್ರ ತಿಳಕೊಂಡು ಬರಿಲಿ.

ಕಡೀಗೆ ಒಂದು, ಇದನ್ನ ಆಕಿ ಕೇಳಿಲ್ಲ, ನಾನ ಹೇಳತೀನಿ. ತಂಬೂರಿ ಅಲಿ ಗಾಳಿ ಒಳಗ ಉದ್ದುದ್ದ ಬಂದು ಆಕಿ ಕಿವಿ ತಮಟಿಗೆ ಬಡದಾಗ ಅದು ಹೊಳ್ಳಿ ಅಡ್ಡ ಆಗತೈತಿ. ತಮಟಿ ಒಳಗ ಹೊರಗ ಬಾಗತೈತಿ, ಮೂರು ಸಣ್ಣ ಎಲುಬು ಆ ಅಲುಗಾಟನ ಒಳಕಿವಿಗೆ ಮುಟ್ಟಸತಾವ, ಅಲ್ಲಿ ಶಂಖದ ಹಂಗ ಸುತ್ತಿಕೊಂಡ ನಾಳದಾಗ ಸುಮಾರು 35 ಮಿಲಿಮೀಟರ್ ಉದ್ದದ ಒಂದು ಪೊರಿ ಐತಿ, ಆ ಪೊರಿ ಮ್ಯಾಲ ಅಲಿ ಝಾಡಿಸಿದ ಹಗ್ಗದ ಹಂಗ ಏರಿ ಇಳಕೊಂತ ಓಡತೈತಿ. ಇದನ್ನ ಕಂಡುಹಿಡದ ಗೆಯೋರ್ಗ್ ಫಾನ್ ಬೆಕೆಸಿ ಅವರಿಗೆ 1961ರ ನೊಬೆಲ್ ಬಂತು. ಏರು ಸ್ವರ ಆ ಪೊರಿಯ ಬಾಗಲ ಹಂತೇಲಿ ಜೋರಾಗಿ ಎದ್ದು ಅಲ್ಲೇ ನಿಲ್ಲತೈತಿ, ಕೆಳಗಿನ ಸ್ವರ ಒಳತುದಿ ತನಕ ಹೋಗತೈತಿ. ನಾಳೆ ರಿಯಾಜಿಗೆ ಕುಂತಾಗ ಖರ್ಜದ (ಕೆಳಗಿನ ಸಾ) ತಂತಿ ಮೀಟಿ ಕಣ್ಣು ಮುಚ್ಚಲಿ, ಅಷ್ಟು ಹೊತ್ತಿಗೆ ಆ ಅಲಿ ತಂತಿ ಒಳಗ ಅಡ್ಡ, ತಬಲಿ ಒಳಗ ಅಡ್ಡ, ಗಾಳಿ ಒಳಗ ಉದ್ದ, ಕಿವಿ ಒಳಗ ಮತ್ತ ಅಡ್ಡ ಆಗಿ ಸುರುಳಿಯ ಒಳತುದಿ ಕಡೆ ಹೊಂಟಿರತೈತಿ.